ಭಿನ್ನರಾಶಿಯ ಪಾಠಕ್ಕೆ ನುಗ್ಗಿದ ನಮ್ಮತ್ತೆ

"ಕೊನೆಯ ಪಾಠಾಭ್ಯಾಸದಲ್ಲಿ ತಂತ್ರಜ್ಞಾನ ಬಳಸಲೇಬೇಕು" ಎಂದು ಬಿ.ಎಡ್. ಕಾಲೇಜಿನಲ್ಲಿ ಘೋಷಿಸಿದಾಗ ಎಲ್ಲರ ಮುಖ ಸಣ್ಣದಾಯಿತು. ನಗುತ್ತ ಕೂತಿದ್ದವಳು ನಾನೊಬ್ಬಳೇ. ನನಗೇನು ಭಯ? ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಲೈಟ್ ಬಿಲ್ಲನ್ನು ಮೊಬೈಲಿನಲ್ಲೇ ಕಟ್ಟಿದ ಮೊದಲ ಸೊಸೆ ನಾನು. ನೀರಿನ ಟ್ಯಾಂಕರ್ ಬಂದ ಸುದ್ದಿಯನ್ನು ವಾಚ್‌ಮನ್‌ಗಿಂತ ಮೊದಲು ಸೊಸೈಟಿಯ ಗ್ರೂಪಿಗೆ ಹಾಕುವವಳೂ ನಾನೇ!

ಆದರೆ ವಿಷಯ ಸಣ್ಣದಲ್ಲ. ಮಗಳು ಹತ್ತನೇ ತರಗತಿಗೆ ಬಂದ ಮೇಲೆ ನಾನು ಬಿ.ಎಡ್. ಸೇರಿದವಳು. ಈ ಪಾಠದಲ್ಲಿ ಫೇಲಾದರೆ ಚಿಕ್ಕ ಚಿಕ್ಕ ಹುಡುಗಿಯರ ಜೊತೆ ಇನ್ನೊಂದು ವರ್ಷ ಬೆಂಚು ಸವೆಸಬೇಕು. ಪಾಸಾದರೆ ಟೀಚರ್.

ಐದನೇ ತರಗತಿಗೆ ಭಿನ್ನರಾಶಿ ಕಲಿಸುವುದೆಂದಾಯಿತು. ಜೋಳದ ರೊಟ್ಟಿಯನ್ನು ಅರ್ಧ, ಕಾಲು ಎಂದು ಕತ್ತರಿಸುತ್ತ ಮನೆಯಲ್ಲೇ ವಿಡಿಯೋ ತೆಗೆಯುವುದು, ತರಗತಿಯಲ್ಲಿ ಅದನ್ನು ಹಚ್ಚುವುದು, ಪಕ್ಕದಲ್ಲಿ ನಾನು ವಿದ್ವತ್ಪೂರ್ಣವಾಗಿ ತಲೆಯಾಡಿಸುತ್ತ ನಿಲ್ಲುವುದು. ಇದು ನನ್ನ ಶೈಕ್ಷಣಿಕ ಕ್ರಾಂತಿಯ ನೀಲನಕ್ಷೆ.

ಅತ್ತೆ ಗುಡಿಗೆ ಹೋದ ಸಮಯ ನೋಡಿ ಚಿತ್ರೀಕರಣ ಶುರುವಾಯಿತು. ನಮ್ಮೆಜಮಾನರು ಪ್ರಕಾಶ್ ಫೋನು ಹಿಡಿದು ನಿಂತರು. ತುಂಡುಗಳು ನೇರವಾಗಿ ಬರಲೆಂದು ನಾನು ರೊಟ್ಟಿಗೆ ಕತ್ತರಿ ಹಾಕಿದೆ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಪ್ರತ್ಯಕ್ಷ. ಅವರು ಧಾರವಾಡದ ಕಡೆಯವರು. ರೊಟ್ಟಿಯ ಮರ್ಯಾದೆಯ ವಿಷಯದಲ್ಲಿ ರಾಜಿ ಇಲ್ಲ.

"ಏ ಸುಮಾ, ರೊಟ್ಟಿಗೆ ಕತ್ತರಿ ಹಚ್ಚೀಯಲ್ಲ, ಅದೇನ ಅರಿವಿ ಅಂತ ತಿಳದೀಯೇನ?"

"ಅತ್ತೀ, ವಿಡಿಯೋ ನಡದೈತ್ರಿ. ಇದು ಪಾಠ."

"ಪಾಠ ಆದ್ರ ಕೈಲೆ ಮುರಿ. ಕೈಗೇನಾಗೇತಿ? ಕೊಡ ಇಲ್ಲೆ."

ಹೊಸ ರೊಟ್ಟಿಯೊಂದನ್ನು ಕೈಗೆತ್ತಿಕೊಂಡು ಮುರಿದರು. ಆಮೇಲೆ ಫೋನಿನ ಹಿಂದಿದ್ದ ಮಗನನ್ನು ನೇರವಾಗಿ ನೋಡಿ ಕೇಳಿದರು: "ನೀ ಹೇಳಪಾ. ಇದು ಅರ್ಧ, ನಿನಗ. ಉಳಿದ ಅರ್ಧದಾಗ ಅರ್ಧ ನನಗ, ಅರ್ಧ ನಿನ್ನ ಮಗಳಿಗೆ. ಇನ್ನ ಆ ರೊಟ್ಟಿ ಹಾಳ ಮಾಡಿದಾಕಿಗೆ ಎಷ್ಟು?"

"ಏನೂ ಇಲ್ಲಬೇ" ಎಂದರು ಪ್ರಕಾಶ್. ಯಾರ ಪಕ್ಷವೆಂದು ಗೊತ್ತಾಯಿತಲ್ಲ.

ಅತ್ತೆ ಒಳಗೆ ಹೋದ ಮೇಲೆ ಶುದ್ಧ ಗ್ರಂಥಸ್ಥ ಕನ್ನಡದಲ್ಲಿ ಪಾಠವನ್ನು ಪೂರ್ತಿ ಮಾಡಿದೆ. ಇನ್ನು ಅತ್ತೆಯ ಭಾಗ ತೆಗೆದುಹಾಕಿದರೆ ಆಯಿತು. ಎಡಿಟಿಂಗ್ ಆ್ಯಪಿನಲ್ಲಿ ಎರಡು ಹಳದಿ ಗೆರೆಗಳಿದ್ದವು. ಬೇಡದ್ದನ್ನು ಅವುಗಳ ನಡುವೆ ಹಿಡಿದು ಒತ್ತಿದರೆ ಅದು ಹಾರಿಹೋಗುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಅತ್ತೆಯನ್ನು ಅಚ್ಚುಕಟ್ಟಾಗಿ ನಡುವೆ ಹಿಡಿದೆ. ಒತ್ತಿದೆ.

"ಮಮ್ಮಿ, ಏಕ್ ಬಾರ್ ಚೆಕ್ ಕರ್ ಲೇ" ಎಂದಳು ಮಗಳು.

"ನೀ ಹುಟ್ಟೂಕಿಂತ ಮೊದಲಿಂದ ಮೊಬೈಲ್ ಹಿಡದೀನಿ ನಾ" ಎಂದೆ. ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ವಿಡಿಯೋವನ್ನೂ ಅಳಿಸಿಹಾಕಿದೆ.

ಮರುದಿನ ಕುರ್ಲಾದಲ್ಲಿ ಗಾಡಿ ಬದಲಿಸಿ ವಡಾಲ ತಲುಪಿದೆ. ಅಲ್ಲಿನ ಒಂದು ಕನ್ನಡ ಶಾಲೆಯಲ್ಲಿ ನನ್ನ ಪರೀಕ್ಷೆ. ಹಿಂದಿನ ಬೆಂಚಿನಲ್ಲಿ ಪರೀಕ್ಷಕಿ ಮೇಡಂ ಪೆನ್ನು ತೆರೆದು ಕೂತಿದ್ದರು. ನಾನು ಗಂಭೀರವಾಗಿ ಗುಂಡಿ ಒತ್ತಿದೆ. ಪರದೆಯ ತುಂಬ ಅತ್ತೆ!

"ಏ ಸುಮಾ, ರೊಟ್ಟಿಗೆ ಕತ್ತರಿ ಹಚ್ಚೀಯಲ್ಲ..."

ಹಳದಿ ಗೆರೆಗಳ ನಡುವೆ ಹಿಡಿದದ್ದು ಉಳಿಯುತ್ತದೆ, ಹೊರಗಿನದು ಹೋಗುತ್ತದೆ ಎಂಬ ಜ್ಞಾನೋದಯ ನನಗಾದದ್ದು ಆ ಶುಭ ಮುಹೂರ್ತದಲ್ಲಿ. ನಿಲ್ಲಿಸಲು ಓಡಿದೆ. ಅವಸರದಲ್ಲಿ ಬೆರಳು ಎಲ್ಲೋ ತಾಗಿ ವಿಡಿಯೋ ಮತ್ತೆ ಮೊದಲಿನಿಂದ ಶುರುವಾಯಿತು. ಅತ್ತೆ ಈಗ ನೇರವಾಗಿ ತರಗತಿಯನ್ನೇ ನೋಡುತ್ತ ಪ್ರಶ್ನೆ ಕೇಳತೊಡಗಿದರು. ಮಕ್ಕಳು ಕೂಡಲೇ ಎದ್ದುನಿಂತು ಉತ್ತರ ಕೊಟ್ಟವು. ಅಜ್ಜಿಗೆ ಕಾಲು, ಮಗಳಿಗೂ ಕಾಲು! ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನನ್ನು ಕನಿಕರದಿಂದ ನೋಡಿದಳು.

"ಟೀಚರ್, ರೊಟ್ಟಿ ಖರಾಬ್ ಆಪ್ ನೇ ಕಿಯಾ ನಾ? ತೋ ಆಪ್ ಕೋ ಝೀರೋ."

ವಿಡಿಯೋ ಮುಗಿದ ಮೇಲೆ, ಕೊನೆಯ ಪ್ರಯತ್ನವೆಂದು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ರೊಟ್ಟಿ ಬರೆದೆ. ಅದು ಬದನೆಕಾಯಿಯಂತೆ ಬಂತು. "ಅಜ್ಜಿ ಕೋ ವಾಪಸ್ ಲಗಾವೋ ನಾ" ಎಂದು ಇಡೀ ತರಗತಿ ಗೋಗರೆಯಿತು. ಹಚ್ಚಿದೆ. ಬೇರೆ ದಾರಿ ಇರಲಿಲ್ಲ.

ಪಾಠ ಮುಗಿದ ಮೇಲೆ ಪರೀಕ್ಷಕಿ ಮೇಡಂ ಹತ್ತಿರ ಕರೆದರು. ಅವರು ವಿಜಯಪುರದವರೆಂದು ಮಾತಿನಲ್ಲೇ ತಿಳಿಯಿತು.

"ಪಾಸ್ ಮಾಡೀನ್ರಿ. ಹುಡುಗೂರು ಭಿನ್ನರಾಶಿ ಕಲತ್ರು, ಸುಳ್ಳಲ್ಲ. ವಿಡಿಯೋದಾಗಿನ ಟೀಚರ್ ಭಾಳ ಚಲೋ ಕಲಸ್ತಾರ. ವಿಡಿಯೋ ಹಚ್ಚಿದ ಟೀಚರ್ ಇನ್ನೂ ಸ್ವಲ್ಪ ತಯಾರಾಗಬೇಕು."

ಲೋಕಲ್ ರೈಲಿನಲ್ಲಿ ನಿಂತು ಅತ್ತೆಯ ಮೇಲೆ ಸಿಟ್ಟಾಗಲು ಮನಃಪೂರ್ವಕ ಪ್ರಯತ್ನಿಸಿದೆ. ಆಗಲಿಲ್ಲ. ನಾನು ಪುಸ್ತಕ ಹಿಡಿದು ಕೂತಾಗಲೆಲ್ಲ ಒಲೆಯ ಮುಂದೆ ನಿಂತವರು ಅವರೇ. "ನೀ ಓದ, ನಾ ಅದೀನಿ" ಎಂದವರೂ ಅವರೇ. ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಮುಲುಂಡ್ ಬರುವವರೆಗೆ ಒಬ್ಬಳೇ ನಗುತ್ತಿದ್ದೆ, ಪಕ್ಕದವಳು ಸ್ವಲ್ಪ ಸರಿದು ನಿಂತಳು.

ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ನಾನು ಕಾಲು ತೊಳೆದು ಬರುವಷ್ಟರಲ್ಲಿ ಧಾರವಾಡದ ತಂಗಿಗೆ ಫೋನು ಹಚ್ಚಿಯಾಗಿತ್ತು.

"ಹೂಂ ಬೇ, ಪಾಸಾದೆ" ಎನ್ನುತ್ತಿದ್ದರು ಅತ್ತೆ. "ಸುಮಾನೂ ಜೋಡಿಗಿದ್ದಳು."