ಆರು ಮೂಲೆಯ ಚುಕ್ಕಿ

ಎಲ್ಲ ರಗಳೆ ಶುರುವಾದದ್ದು ಒಂದು ದಪ್ಪ ಬಿಳಿ ಹಾಳೆಯಿಂದ. ಗುರುವಾರ ಸಂಜೆ ರಾಘಣ್ಣ ಅದನ್ನು ಮಡಿಕೆ ಬೀಳದಂತೆ ಅಂಗಿಯೊಳಗೆ ಬೆನ್ನಿಗೆ ಆನಿಸಿಕೊಂಡು, ಕೋಲು ನುಂಗಿದವನ ಹಾಗೆ ನೆಟ್ಟಗೆ ನಡೆಯುತ್ತ, ಕಾಡಪ್ಪ ಬಾಡಿಗೆಗಿದ್ದ ನಾನಾ ಪೇಟೆಯ ವಾಡೆಗೆ ಬಂದ. ಬಂದವನೇ ಹಾಳೆಯನ್ನು ಕಾಡಪ್ಪನ ಮುಂದೆ ಹಾಸಿದ.

ಇಬ್ಬರೂ ಸಾತಾರಾ ರಸ್ತೆಯ ಒಂದು ಪಂಪಿನ ಕಾರಖಾನೆಯಲ್ಲಿ ಹಂಗಾಮಿ ಕೆಲಸಗಾರರು. ಹಂಗಾಮಿ ಎಂಬುದು ಹೆಸರಿಗೆ ಮಾತ್ರ. ವರ್ಷಾನುಗಟ್ಟಲೆ ಅದೇ ಮಶೀನು, ಅದೇ ಎಣ್ಣೆ, ಅದೇ ಬೈಗುಳ. ಡಿಸೆಂಬರ್ ಮುಗಿಯುತ್ತಲೇ ಕಾರಖಾನೆ ಇವರನ್ನೆಲ್ಲ ಮನೆಗೆ ಅಟ್ಟಿ, ಕಾಯದೆಯ ಕಣ್ಣಿಗೆ ಮಣ್ಣೆರಚಿ, ಫೆಬ್ರುವರಿಯಲ್ಲಿ ಹೊಸಬರನ್ನು ತೆಗೆದುಕೊಂಡ ಹಾಗೆ ಮತ್ತೆ ಒಳಗೆ ತೆಗೆದುಕೊಳ್ಳುತ್ತಿತ್ತು. ಆ ಒಂದು ತಿಂಗಳು ಕಾಡಪ್ಪ ಭವಾನಿ ಪೇಟೆಯ ಗೋದಾಮಿನಲ್ಲಿ ಬೆಲ್ಲದ ಪೆಂಟೆ ಹೊರುತ್ತಿದ್ದ. ಹೋದ ಜನವರಿಯಲ್ಲಿ ಸೊಂಟ ಹಿಡಿದು, ಗೋಡೆಗೆ ಕೈಕೊಟ್ಟು ನಡೆದಾಡಿದ್ದ. ಈ ಸಲ ಹೆಂಡತಿ ರುದ್ರವ್ವ ತುಂಬು ಬಸುರಿ ಬೇರೆ. ಗಂಡ ಪರ್ಮನಂಟ ಆದರೆ ವಿಮೆಯ ದವಾಖಾನೆಯಲ್ಲಿ ಹೆರಿಗೆ; ಆಗದಿದ್ದರೆ ಇಂಡಿ ಊರಿನ ತವರುಮನೆ, ಅತ್ತಿಗೆಯ ಬಾಯಿ.

ಈ ವರ್ಷ ಹಂಗಾಮಿಗಳಲ್ಲಿ ಒಬ್ಬನೇ ಒಬ್ಬನನ್ನು ಪರ್ಮನಂಟ ಮಾಡುತ್ತಾರೆ, ಆ ಹೆಸರನ್ನು ಮ್ಯಾನೇಜರ್ ಸ್ಯಾಮ್ಸನ್ ಸಾಹೇಬರು ಶುಕ್ರವಾರ ಸಂಜೆಯೊಳಗೆ ಮುಂಬಯಿಗೆ ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಮರುದಿನವೇ ಕ್ರಿಸ್ಮಸ್.

"ಕ್ರಿಸ್ಮಸ್ಸಿಗೆ ಅಂಗಡಿ ಕಾರ್ಡ ಯಾರರೆ ಕೊಡ್ತಾರ, ಕಾಡಪ್ಪಣ್ಣ," ಎಂದ ರಾಘಣ್ಣ. "ರುದ್ರವ್ವ ವೈನಿ ಕೈಲೆ ಮಾಡಿದ್ದ ಕೊಟ್ಟರ ಸಾಹೇಬ್ರು ಜನ್ಮದಾಗ ಮರಿಯಾಂಗಿಲ್ಲ. ನಮ್ಮ ಮನಿಯಾಕಿಗೆ ರಂಗೋಲಿ ಗೆರಿ ಸುದ್ದಾ ಸೀದಾ ಬರೂದಿಲ್ಲ. ಕೆಳಗ ಇಬ್ಬರದೂ ಹೆಸರ ಇರಲಿ. ಯಾರಿಗೆ ಆದ್ರೂ ನಮ್ಮವರಿಗೇ ಆದಂಗ."

ಕಾಡಪ್ಪ ಇಷ್ಟು ವರ್ಷದಲ್ಲಿ ಸಾಹೇಬರ ಖೋಲಿಯ ಹೊಸ್ತಿಲು ತುಳಿದವನಲ್ಲ. ಸ್ವಾಭಿಮಾನವೇನಲ್ಲ, ಬರೀ ಅಂಜಿಕೆ. ಸಾಹೇಬರು ಕ್ರಿಸ್ತನವರೆಂಬುದರಲ್ಲಿ ಮಾತ್ರ ಅವನಿಗೆ ಸಂಶಯವಿರಲಿಲ್ಲ. ಹೆಸರೇ ಸ್ಯಾಮ್ಸನ್. ಕ್ಯಾಂಪಿನ ಲಾಲ್ ದೇವಳ ಎಂಬ ಕೆಂಪು ಕಟ್ಟಡದೊಳಗೆ ಅವರು ಹೋಗುವುದನ್ನು ಇವನು ಕಣ್ಣಾರೆ ಕಂಡಿದ್ದ. ಎತ್ತರದ ಗೋಪುರ, ಗೋಪುರದಲ್ಲಿ ಗಡಿಯಾರ. ಅದು ಚರ್ಚಲ್ಲದೆ ಇನ್ನೇನು? ಸಾಹೇಬರು ಶನಿವಾರ ಕೆಲಸಕ್ಕೆ ಬರುವುದಿಲ್ಲ ಎಂಬುದೊಂದು ಸ್ವಲ್ಪ ವಿಚಿತ್ರವಿತ್ತು. ಶನಿಕಾಟಕ್ಕೆ ಸಾಹೇಬರಾದರೇನು, ಎಲ್ಲರೂ ಅಂಜಲೇಬೇಕು ಎಂದು ಕಾಡಪ್ಪ ಅದಕ್ಕೂ ಸಮಾಧಾನ ಹುಡುಕಿಕೊಂಡಿದ್ದ.

ಶುಕ್ರವಾರ ಅವನದು ಎರಡನೇ ಪಾಳಿ. ಬೆಳಿಗ್ಗೆ ರುದ್ರವ್ವ ಹಾಳೆ ಮಡಚಿ, ಬಣ್ಣದ ಬಟ್ಟಲುಗಳನ್ನು ಸುತ್ತ ಇಟ್ಟುಕೊಂಡು ಕೂತಳು. ವಾಡೆಯಲ್ಲಿ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ ತಿಳಿಯದೆ ಇರುವುದಿಲ್ಲ. ಇನ್ನು ಬಣ್ಣ ಕಲಸಿದರೆ ಕೇಳಬೇಕೆ? ಮೊದಲು ಬಂದವಳು ಮನೆ ಮಾಲಕಿ ಸಕ್ಕುಬಾಯಿ. ಅವಳ ಗಂಡ ಬದುಕಿದ್ದಾಗ ಸೀರೆಗೆ ಅಚ್ಚು ಹಾಕುತ್ತಿದ್ದ; ಅವನ ಕಟ್ಟಿಗೆಯ ಅಚ್ಚುಗಳು ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದವು. ಗೋಣಿಚೀಲ ತುಂಬ ತಂದು ಸುರುವಿದಳು. ಕ್ರಿಸ್ಮಸ್ಸಿಗೆ ಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಮಾವಿನಕಾಯಿ ಇತ್ತು, ಜೋಡಿ ಗಿಳಿ ಇತ್ತು, ತುಳಸಿಕಟ್ಟೆ ಇತ್ತು. ತುಳಸಿಕಟ್ಟೆಯನ್ನೇ ಹಸಿರಿನಲ್ಲಿ ಅದ್ದಿ ಒತ್ತಿ, ಮೇಲೆ ಎಲೆ ಬೆಳೆಸಿ, ಕ್ರಿಸ್ಮಸ್ ಗಿಡ ಎಂದು ತೀರ್ಮಾನವಾಯಿತು. ಗಿಳಿಗಳನ್ನು ಒತ್ತುವಾಗ ಯಾರೂ ಸಕ್ಕುಬಾಯಿಯ ಕೈ ಹಿಡಿಯಲಿಲ್ಲ. ಹಿಡಿದರೆ ಮುಂದಿನ ತಿಂಗಳು ಖೋಲಿ ಖಾಲಿ ಮಾಡಬೇಕಾಗುತ್ತಿತ್ತು.

ಕ್ರಿಸ್ಮಸ್ ನಕ್ಷತ್ರದ ಚುಕ್ಕಿಗಾಗಿ ಕಾಡಪ್ಪ ತಾನೇ ಓಡಾಡಿದ. ಓಣಿಯ ಚಪ್ಪಲಿ ಹೊಲಿಯುವ ಶಂಕ್ರೆಪ್ಪನ ಹತ್ತಿರ ತೊಗಲಿಗೆ ಚಿತ್ತಾರ ಕೊರೆಯುವ ಉಕ್ಕಿನ ಡೈಗಳಿದ್ದವು. ಚುಕ್ಕಿಯದೊಂದನ್ನು ಕಾಡಿ ಬೇಡಿ ತಂದು, ಬಂಗಾರದ ಬೇಗಡೆಯ ಮೇಲಿಟ್ಟು, ಸುತ್ತಿಗೆಯಿಂದ ಒಂದೊಂದು ಏಟಿಗೆ ಒಂದೊಂದು ಚುಕ್ಕಿ ಉದುರಿಸಿದ. ರುದ್ರವ್ವ ಅವುಗಳ ಬೆನ್ನಿಗೆ ಜಾಲಿಯ ಗೋಂದು ಸವರಿ ಬಿಸಿಲಿಗೆ ಒಣಗಿಸಿದಳು. ಪೋಸ್ಟಿನ ತಿಕೀಟಿನಂತೆ ನೆಕ್ಕಿ ಹಚ್ಚಿದರೆ ಸಾಕು.

ಅಷ್ಟರಲ್ಲಿ ಪಂಕಜಾಕ್ಷಿ ಟೀಚರು ಬಂದರು. ಮೈಸೂರಿನವರು, ಕಾನ್ವೆಂಟಿನಲ್ಲಿ ಓದಿದವರು, ವಾಡೆಯ ಇಂಗ್ಲಿಷಿಗೆಲ್ಲ ಅವರೇ ಹಕ್ಕುದಾರರು. ಒಂದು ಚುಕ್ಕಿಯನ್ನು ಬೆರಳ ತುದಿಯಲ್ಲಿ ಎತ್ತಿ ಮೂಲೆ ಎಣಿಸಿದರು.

"ಇದಕ್ಕೆ ಆರು ಮೂಲೆ ಇದೆಯಲ್ರೀ. ಏಸು ಹುಟ್ಟಿದಾಗ ಕಂಡ ನಕ್ಷತ್ರಕ್ಕೆ ಐದೇ ಮೂಲೆ ಇರೋದು. ಇದನ್ನ ಹಚ್ಚಿದ್ರೆ ಸಾಹೇಬರು ನಗ್ತಾರೆ ಅಷ್ಟೆ."

ಸಾಹೇಬರು ನಗುತ್ತಾರೆ ಎಂಬ ಮಾತು ಕೇಳಿ ಕಾಡಪ್ಪನ ಜೀವ ಬಾಯಿಗೆ ಬಂತು. ಚುಕ್ಕಿಗಳೆಲ್ಲ ಕಸವಾದವು. ರುದ್ರವ್ವ ಮಧ್ಯಾಹ್ನದ ಪಲ್ಯಕ್ಕೆ ತಂದ ಬೆಂಡೆಕಾಯಿಯನ್ನು ಅಡ್ಡ ಕೊಯ್ದು, ಹಳದಿಯಲ್ಲಿ ಅದ್ದಿ ಒತ್ತಿದಳು. ಐದು ಮೂಲೆ ಅಚ್ಚುಕಟ್ಟಾಗಿ ಮೂಡಿತು. ತಾನು ಬೆವರು ಸುರಿಸಿ ಹೊಡೆದ ಮಾಲು ಹೀಗೆ ಮಣ್ಣುಪಾಲಾಯಿತಲ್ಲ ಎಂಬ ಸಂಕಟಕ್ಕೆ ಕಾಡಪ್ಪ ಒಂದು ಚುಕ್ಕಿಯನ್ನು ಕಿಸೆಗೆ ಹಾಕಿಕೊಂಡ.

ಇನ್ನು ಬಣ್ಣ ತುಂಬುವ ಕೆಲಸ. ಮೇರಿ ತಾಯಿಗೆ ರುದ್ರವ್ವ ಇಳಕಲ್ ಸೀರೆ ಉಡಿಸಿ, ಬಾಣಂತಿಗೆ ಬರಿಗೈ ಇರಬಾರದೆಂದು ಹಸಿರು ಬಳೆ ತೊಡಿಸಿದಳು. ಬಿಳಿ ಗಡ್ಡದ ಕ್ರಿಸ್ಮಸ್ ಅಜ್ಜ ಎಂದರೆ ಅವಳಿಗೆ ಗೊತ್ತಿದ್ದದ್ದು ತಮ್ಮೂರ ಮಠದ ಅಜ್ಜಾರು. ಕೈ ತಾನಾಗಿ ಹಣೆಗೆ ಮೂರು ಬೆರಳು ವಿಭೂತಿ ಎಳೆದುಬಿಟ್ಟಿತು. ಟೀಚರು ಬೊಬ್ಬೆ ಹಾಕಿದ ಮೇಲೆ ಅದನ್ನು ಮುಪ್ಪಿನ ಗೆರೆ ಮಾಡಿದ್ದಾಯಿತು. ಈ ಗದ್ದಲದಲ್ಲಿ ಸಕ್ಕುಬಾಯಿ, ಶುಭಕಾರ್ಯದ ಪತ್ರಿಕೆ ಬೋಳಾಗಿ ಹೋಗಬಾರದೆಂದು ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ ಕೈ ತೊಳೆದುಕೊಂಡಿದ್ದಳು.

ಇಷ್ಟೆಲ್ಲ ಆದರೂ ಕಾರ್ಡು ಚೆಂದವಿತ್ತು. ಯಾವ ದೇವರ ಹಬ್ಬವೆಂದು ಹೇಳಲು ಬರುತ್ತಿರಲಿಲ್ಲ, ಹಬ್ಬವೆಂಬುದು ಮಾತ್ರ ಖಾತ್ರಿ. ಕೊನೆಗೆ ಟೀಚರು ದುಂಡನೆಯ ಇಂಗ್ಲಿಷಿನಲ್ಲಿ ಮೇಲೆ ಹಾರೈಕೆ, ಕೆಳಗೆ ಕಾಡಪ್ಪನ ಹೆಸರು, ಅದರ ಕೆಳಗೆ ರಾಘಣ್ಣನ ಹೆಸರು ಬರೆದರು. ರುದ್ರವ್ವ ಅದನ್ನು ವರ್ತಮಾನಪತ್ರದಲ್ಲಿ ಸುತ್ತಿ ಕೊಟ್ಟು, "ಈ ಸಲ ಬೆಲ್ಲ ಹೊರೂದ ಬ್ಯಾಡ್ರಿ," ಎಂದಷ್ಟೇ ಹೇಳಿದಳು.

ಸ್ವಾರಗೇಟಿನಲ್ಲಿ ಬಸ್ಸು ಬದಲಿಸಬೇಕು. ಸರದಿಯಲ್ಲಿ ನಿಂತಾಗ ಕಾಡಪ್ಪ ಕಾಗದ ಬಿಚ್ಚಿ ಇನ್ನೊಮ್ಮೆ ನೋಡಿದ. ಇಳಕಲ್ ಸೀರೆ ತನ್ನ ಹೆಂಡತಿಯ ಕೈಯದು. ಡೈಗಾಗಿ ಅಂಗಲಾಚಿದವನು ತಾನು. ರಾಘಣ್ಣನದು ಬರೀ ಒಂದು ಹಾಳೆ. ಜಾಗ ಒಂದೇ ಇರುವಾಗ ಹೆಸರು ಎರಡು ಏಕೆ? ಸಾಹೇಬರ ಕಣ್ಣು ಜಾರಿ ಕೆಳಗಿನ ಹೆಸರಿನ ಮೇಲೆ ಬಿದ್ದರೆ? ಊರಿನವರು ಸುಮ್ಮನೆ ಅನ್ನುತ್ತಾರೆಯೇ, ಎಮ್ಮೆ ಕೊಟ್ಟು ಹಗ್ಗಕ್ಕೆ ಜಗಳಾಡಬಾರದೆಂದು? ಎಮ್ಮೆಯನ್ನೇ ಕೊಡುವ ಹುಚ್ಚು ತನಗೇಕೆ? ಕೈ ಕಿಸೆಗೆ ಹೋಯಿತು. ಚುಕ್ಕಿ ಸಿಕ್ಕಿತು. ನೆಕ್ಕಿ, ರಾಘಣ್ಣನ ಹೆಸರಿನ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ. ಅಳತೆ ಕೊಟ್ಟು ಕೊರೆಸಿದ ಹಾಗೆ ಕೂತಿತು. ಮನಸ್ಸು ಒಂದು ಗಳಿಗೆ ಚುರ್ ಎಂದಿತು. ಅಷ್ಟರಲ್ಲಿ ಬಸ್ಸು ಬಂತು.

ಕಾರಖಾನೆಯ ಗೇಟಿನಲ್ಲಿ ಮೊದಲ ಪಾಳಿ ಮುಗಿಸಿದ ರಾಘಣ್ಣ ಕಾಯುತ್ತಿದ್ದ. ನನ್ನ ಹೆಸರು ಹಾಕಿದೆಯೇನು ಎಂದು ಕೇಳಿದ. "ಹಾಕೇನಪಾ, ಹಾಕೇನಿ," ಎಂದ ಕಾಡಪ್ಪ. ಮಾತೇನೋ ಸುಳ್ಳಲ್ಲ. ಸುದ್ದಿ ತಿಳಿಯುವ ತನಕ ಇಲ್ಲಿಯೇ ಇರುತ್ತೇನೆಂದು ರಾಘಣ್ಣ ಕಲ್ಲಿನ ಮೇಲೆ ಕುಕ್ಕರಿಸಿದ.

ಸ್ಯಾಮ್ಸನ್ ಸಾಹೇಬರು ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಇದ್ದವರು, ಕನ್ನಡ ಬಲ್ಲವರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆ ಸೇರುವುದು ಅವರ ರೂಢಿ. ಆಗಲೇ ಚೀಲ ಕಟ್ಟುತ್ತಿದ್ದರು. ಕಾಡಪ್ಪ ಎರಡೂ ಕೈಯಲ್ಲಿ ಕಾರ್ಡು ಹಿಡಿದು ಒಳಗೆ ಹೋದ. ಸಾಹೇಬರು ಅದನ್ನು ನೋಡುತ್ತ ಹೋದರು. ಗಿಳಿ ನೋಡಿ ತುಟಿ ಅರಳಿತು. ಅಜ್ಜಾರನ್ನು ನೋಡಿ ನಕ್ಕೇಬಿಟ್ಟರು. ಅರಿಸಿನವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕಣ್ಣು ಕೆಳಗಿಳಿದು ಚುಕ್ಕಿಯ ಮೇಲೆ ನಿಂತಿತು. ನಗು ನಿಂತುಹೋಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಈ ಚುಕ್ಕಿ ಹಾಕು ಅಂತ ಯಾರ ಹೇಳಿದ್ರು ನಿನಗ?"

ಸಾಹೇಬರ ಕಣ್ಣಲ್ಲಿ ನೀರು ಕಂಡ ಕಾಡಪ್ಪನಿಗೆ ಪರ್ಮನಂಟ ಚೀಟಿಯೇ ಕಂಡ ಹಾಗಾಯಿತು. ಏನೆಂದು ತಿಳಿಯದಿದ್ದರೂ ಕೀರ್ತಿ ಬಿಟ್ಟುಕೊಡುವ ಹೊತ್ತು ಇದಲ್ಲ ಎಂದು ತಿಳಿಯಿತು.

"ಯಾರೂ ಹೇಳಿಲ್ರಿ. ನಾನ ಭಾಳ ವಿಚಾರ ಮಾಡಿ, ಬೇಕಂತನ ಹಾಕೇನ್ರಿ."

ಸಾಹೇಬರು ಮೇಜಿನ ಖಾನೆ ಎಳೆದರು. ಒಳಗೆ ಬಣ್ಣಬಣ್ಣದ ಅಂಗಡಿ ಕಾರ್ಡುಗಳು ತುಂಬಿದ್ದವು. ಪ್ರತಿ ಡಿಸೆಂಬರಿನಲ್ಲಿ ಜನ ತಂದುಕೊಡುತ್ತಾರೆ, ತಾವು ಕ್ರಿಸ್ತನವರಲ್ಲ ಎಂಬುದು ಒಬ್ಬರಿಗೂ ಗೊತ್ತಿಲ್ಲ ಎಂದರು. ತಾವು ಯಹೂದಿಗಳು, ಹಿರಿಯರು ಕೊಂಕಣದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಲಾಲ್ ದೇವಳ ತಮ್ಮದೇ ಗುಡಿ, ಆರು ಮೂಲೆಯ ಚುಕ್ಕಿ ಆ ಗುಡಿಯ ಗುರುತು. ಕಾಡಪ್ಪ ಹೊಡೆದ ಕಲ್ಲು ತಾನಾಗಿ ಹಣ್ಣಿಗೆ ಬಿದ್ದಿತ್ತು.

"ಹಂಗಾಮಿಗಳೊಳಗ ನನ್ನ ಖೋಲಿಗೆ ಏನೂ ಹೊತ್ತು ತರದವರು ಇಬ್ಬರ," ಸಾಹೇಬರು ಮೆಲ್ಲಗೆ ಹೇಳಿದರು. "ನೀ, ಮತ್ತ ರಾಘಣ್ಣ. ಇಬ್ಬರೊಳಗ ನಿನ್ನ ಕೆಲಸ ಛಲೋ ಅಂತ ಮುಂಜಾನೆನ ನಿನ್ನ ಹೆಸರ ಬರದಿಟ್ಟಿದ್ದೆ."

ಬರೆದಿಟ್ಟಿದ್ದೆ ಎಂಬುದರ ಬಾಲ ಕಾಡಪ್ಪನಿಗೆ ಹಿಡಿಸಲಿಲ್ಲ.

"ಉಳಿದ ಮಂದಿ ನಾ ಯಾರು ಅಂತ ಗೊತ್ತಿಲ್ದ ಬೆಣ್ಣಿ ಹಚ್ಚಿದ್ರು. ನೀ ನನ್ನ ಜಾತಿ ಹುಡುಕಿ, ನನ್ನ ಗುಡಿ ಹುಡುಕಿ, ನನ್ನ ದೇವರ ಗುರುತ ಕೊರದು ತಂದು ಬೆಣ್ಣಿ ಹಚ್ಚಾಕ ಬಂದಿ. ಒಂದು ಗಳಿಗಿ ನನಗೂ ಕಣ್ಣಾಗ ನೀರು ಬಂತು ನೋಡು. ಅದಕ್ಕ ಹೆಚ್ಚು ಸಿಟ್ಟು."

ಸಾಹೇಬರು ಪೆನ್ನು ತೆಗೆದರು. ಕಾಡಪ್ಪ ಮೇಜಿನ ಹತ್ತಿರ ಸರಿದು ಬಾಯಿಬಿಟ್ಟ. ತಾನು ಮುಳುಗುವುದಾದರೆ ಇನ್ನೊಬ್ಬನೂ ಮುಳುಗಲಿ ಎಂದಲ್ಲ, ಸತ್ಯ ಹೇಳಬೇಕೆಂದೇ ಹೇಳಿದ್ದು ಎಂದು ಆಮೇಲೆ ಅವನು ತನ್ನನ್ನೇ ನಂಬಿಸಲು ನೋಡಿದ್ದುಂಟು. "ಸಾಹೇಬ್ರ, ಇದರಾಗ ರಾಘಣ್ಣನೂ ಇದ್ದಾನ್ರಿ. ಹಾಳಿ ಅವಂದ. ಅವನ ಹೆಸರೂ ಅದರಿ, ಚುಕ್ಕಿ ಕೆಳಗ."

ತೋರಿಸು ಎಂದರು ಸಾಹೇಬರು. ಕಾಡಪ್ಪ ಉಗುರು ಹಾಕಿ ಕೆರೆದ. ಜಾಲಿಯ ಗೋಂದು ಬಿಡಲೊಲ್ಲದು. ಬೇಗಡೆ ಚೂರುಚೂರಾಗಿ ಉಗುರಿಗೆ ಹತ್ತಿತು. ಬಲವಾಗಿ ಎಳೆದಾಗ ಚುಕ್ಕಿ ಕಿತ್ತು ಬಂತು, ಅದರ ಬೆನ್ನಿಗೆ ಹಾಳೆಯೂ, ಹಾಳೆಯೊಂದಿಗೆ ಹೆಸರೂ ಹಿಪ್ಪೆಯಾಗಿ ಬಂತು. ಕಾರ್ಡಿನಲ್ಲಿ ಒಂದು ತೂತು ಉಳಿಯಿತು. ಸಾಹೇಬರು ಕಾರ್ಡನ್ನು ಮುಖದ ಮಟ್ಟಕ್ಕೆ ಎತ್ತಿ, ಆ ತೂತಿನೊಳಗಿಂದ ಕಾಡಪ್ಪನನ್ನು ನೋಡಿದರು. ಆಮೇಲೆ ಒಂದು ಹೆಸರು ಹೊಡೆದುಹಾಕಿ ಇನ್ನೊಂದನ್ನು ಬರೆದರು.

ಕಾಡಪ್ಪನಿಗೆ ಮಶೀನಿನ ಮುಂದೆ ನಿಲ್ಲುವ ತ್ರಾಣ ಉಳಿಯಲಿಲ್ಲ. ಜ್ವರವೆಂದು ಹೇಳಿ, ರಾಘಣ್ಣನ ಕಣ್ಣು ತಪ್ಪಿಸಿ ಹಿಂದಿನ ಗೇಟಿನಿಂದ ಹೊರಬಿದ್ದು, ಬಸ್ಸು ಹತ್ತುವ ಮನಸ್ಸೂ ಇಲ್ಲದೆ ನಡೆದೇ ಮನೆಗೆ ಹೊರಟ. ವಾಡೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಬಾಗಿಲಲ್ಲೇ ರಾಘಣ್ಣ ಪೇಢೆಯ ಪೊಟ್ಟಣ ಹಿಡಿದು ನಿಂತಿದ್ದ. ಗೇಟಿನಲ್ಲಿ ಕೂತವನಿಗೆ ಹೆಡ್ ಕ್ಲಾರ್ಕು ಸುದ್ದಿ ಕೊಟ್ಟಿದ್ದರು. ಕಾಡಪ್ಪನನ್ನು ಕಂಡವನೇ ಅಡ್ಡಬಿದ್ದು ಕಾಲು ಹಿಡಿದ.

"ನೀ ಕಾರ್ಡಿನಾಗ ನನ್ನ ಹೆಸರ ಹಾಕಿದ್ದಕ್ಕನ ಆತು, ಅಣ್ಣಾ. ಬ್ಯಾರೆ ಯಾರರೆ ಆಗಿದ್ದರ ನನ್ನ ಹೆಸರ ಮುಚ್ಚಿ ಹಾಕತಿದ್ದರು. ಈ ಉಪಕಾರ ನಾ ಸಾಯೂ ತನಕ ಮರಿಯಾಂಗಿಲ್ಲ."

ಪೇಢೆಯನ್ನು ತಾನೇ ಕಾಡಪ್ಪನ ಬಾಯಿಗಿಟ್ಟ. ಕಾಡಪ್ಪ ಅದನ್ನು ಬೆಲ್ಲದ ಪೆಂಟೆ ಹೊರುವವನ ಹಾಗೆ ಕಷ್ಟಪಟ್ಟು ನುಂಗಿದ. ಎಲ್ಲ ತನ್ನ ಅರಿಸಿನ ಕುಂಕುಮದ ಮಹಿಮೆ ಎಂದಳು ಸಕ್ಕುಬಾಯಿ. ಐದು ಮೂಲೆ ಹಾಕಿಸದಿದ್ದರೆ ಗತಿ ಏನಾಗುತ್ತಿತ್ತು ಎಂದರು ಟೀಚರು. ಸಾಹೇಬರು ಕೆಳಗಿನಿಂದ ಮೇಲಕ್ಕೆ ಓದಿದ್ದಾರು, ಅದಕ್ಕೇ ರಾಘಣ್ಣನಿಗೆ ಮೊದಲು ಬಂತು, ಮುಂದಿನ ವರ್ಷ ಕಾಡಪ್ಪನದನ್ನು ಕೆಳಗೆ ಬರೆದರಾಯಿತು ಎಂದು ಇಬ್ಬರೂ ಒಪ್ಪಿದರು.

ಮಂದಿ ಕರಗಿದ ಮೇಲೆ ರುದ್ರವ್ವ ಗಂಡನ ಕೈಗೆ ನೀರು ಹಾಕಲು ಬಂದಳು. ಚಿಮಣಿಯ ಬೆಳಕಿನಲ್ಲಿ ಅವನ ಉಗುರಿನೊಳಗೆ ಏನೋ ಮಿಂಚಿತು.

"ಇದು ಬೇಗಡಿ ಅಲ್ಲೇನ್ರಿ? ಕಾರ್ಡಿಗೆ ನಾವು ಬೇಗಡಿ ಹಚ್ಚೇ ಇರಲಿಲ್ಲಲ್ಲ."

ಕಾಡಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಬೆಲ್ಲದ ಗೋದಾಮಿಗೆ ಈ ಸಲ ಮೊದಲೇ ಹೋಗಿ ಹೆಸರು ಹೇಳಿ ಬರಬೇಕು, ಆಮೇಲೆ ಹೋದರೆ ಜಾಗ ಸಿಗುವುದಿಲ್ಲ ಎಂದ.