ಸಿರಾಜುದ್ದೀನ್ ಗೆದ್ದ ರೇಸು

ಮದ್ರಾಸಿನ ಹಳೆಯ ಕಾರ್ ರೇಸೊಂದನ್ನು ಸಂಜೆ ಆರಕ್ಕೆ ಟಿ.ವಿ.ಯಲ್ಲಿ ತೋರಿಸುತ್ತಾರೆಂದು ಕಿರಾಣಿ ಅಂಗಡಿಯ ಬಂಡೆಪ್ಪ ಪೇಪರಿನಲ್ಲಿ ಓದಿದ. ಅರ್ಧ ತಾಸಿನಲ್ಲಿ ಬಸವಕಲ್ಯಾಣದ ಆ ಓಣಿಗೆಲ್ಲ ಸುದ್ದಿ ಹಬ್ಬಿತು. ಸಿರಾಜುದ್ದೀನ್ ಮಾತ್ರ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ.

೧೯೬೮ರ ಆ ರೇಸಿನಲ್ಲಿ ಅವನು ಕಾರು ಓಡಿಸಿದ್ದು ಖರೆ. ಗೆದ್ದೆನೆಂದು ಹದಿನೆಂಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು. ಈಗ ಅವನು ಹುಮನಾಬಾದಿಗೆ ಬಾಡಿಗೆ ಜೀಪು ಓಡಿಸುತ್ತಿದ್ದ. ಸಾಲದ್ದಕ್ಕೆ, ಬಂಡೆಪ್ಪನ ಟಿ.ವಿ. ಇಂಗ್ಲಿಷಿನಲ್ಲಿ ಮಾತಾಡಿದಾಗಲೆಲ್ಲ ಪಕ್ಕದ ಸ್ಟೂಲಿನಲ್ಲಿ ಕೂತು ಓಣಿಯವರಿಗೆ ಕನ್ನಡದಲ್ಲಿ ಹೇಳುವ ಕೆಲಸವೂ, ಮದ್ರಾಸು ಕಂಡವನೆಂದು, ಅವನ ಕೊರಳಿಗೆ ಬಿದ್ದಿತ್ತು. ಕ್ರಿಕೆಟ್ಟಿನಿಂದ ಶುರುವಾದ ಈ ಕಾಮೆಂಟರಿ ಹವಾಮಾನದವರೆಗೆ ಬಂದಿತ್ತು. ಕೈತುತ್ತು ಬಾಯಿಗೆ ಹೋಗುವ ಮೊದಲೇ ಕರೆ ಬರುತ್ತಿತ್ತು.

ಅಂಟೆನಾ ನೋಡುವ ನೆಪದಲ್ಲಿ ಬಂಡೆಪ್ಪನ ಅಂಗಡಿಯ ಒಳಹೊಕ್ಕು ಅವನು ಟಿ.ವಿ.ಯ ಹಿಂದಿನ ವೈರೊಂದನ್ನು ಕಿತ್ತುಬಿಟ್ಟ.

"ಟಿ.ವಿ. ಸತ್ತದೋ!" ಎಂದು ಬಂಡೆಪ್ಪ ಓಡಿಬಂದ. "ಸಿರಾಜಣ್ಣ, ಹುಮನಾಬಾದಕ ಒಯ್ಯೋಣ ನಡಿ. ರೇಸ್ ಡ್ರೈವರ್ ಇದ್ದಿ, ಕಣ್ಣ ಮುಚ್ಚಿ ತೆಗಿಯೂದ್ರಾಗ ಮುಟ್ಟಸ್ತಿ."

ಪಕ್ಕದ ಮನೆಯ ಮುದುಕಿ ಸೋನುಬಾಯಿ ಟಿ.ವಿ.ಯನ್ನು ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಬಂಡೆಪ್ಪನ ಪಕ್ಕ ಕೂತಳು. ಸಿರಾಜುದ್ದೀನ್ ಮದುವೆ ಮೆರವಣಿಗೆಯ ಹಾಗೆ ಜೀಪು ನಡೆಸಿದ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಗಂಟೆ ಬಾರಿಸುತ್ತ ಮುಂದೆ ಹೋಯಿತು.

"ನಿದ್ದಿ ಹೊಡ್ಯಾಕತ್ತಿ ಏನೋ?" ಎಂದಳು ಸೋನುಬಾಯಿ.

"ಟಿ.ವಿ. ಕುಲುಕಬಾರದು, ಬಾಯಿ."

"ಹಂಗಾರ ಇಳಿಸು. ನಾ ಹೊತ್ಕೊಂಡು ನಡದ್ರ ನಿನಗಿಂತ ಲಗೂ ಮುಟ್ತೀನಿ!"

ಹುಮನಾಬಾದಿನ ಮೆಕ್ಯಾನಿಕ್ ಶಂಶುದ್ದೀನ್ ಊಟಕ್ಕೆ ಹೊರಟಿದ್ದ. ರೇಸೆಂದು ಕೇಳಿದ್ದೇ ತಡ, ಊಟ ಬಿಟ್ಟು ಕೂತ. ವೈರು ಎರಡು ನಿಮಿಷಕ್ಕೆ ಸಿಕ್ಕಿತು. ಅಷ್ಟಕ್ಕೆ ಸುಮ್ಮನಿರದೆ ಇನ್ನಷ್ಟು ಕೆದಕಿದ. ಚಿತ್ರ ಬಂತು, ದನಿ ಹೋಯಿತು.

"ಆವಾಜಿನ ಪಾರ್ಟ್ ಹೈದರಾಬಾದಿನಿಂದ ತರಸಬೇಕ್ರಿ."

"ಆವಾಜ್ ಯಾಕ ಬೇಕು? ಸಿರಾಜಣ್ಣ ಇದ್ದಾನಲ್ಲ!" ಎಂದ ಬಂಡೆಪ್ಪ.

ಸಿರಾಜುದ್ದೀನನಿಗೆ ಅಂದು ಮೊದಲ ಸಲ ಉಸಿರು ಸಲೀಸಾಯಿತು. ದನಿಯೇ ಇಲ್ಲದ ಮೇಲೆ ಅವನು ಹೇಳಿದ್ದೇ ಖರೆ! ವಾಪಸು ಬರುವಾಗ ಜೀಪು ಹಾರಿತು.

ಆರು ಗಂಟೆಗೆ ಅಂಗಡಿಯ ಪಡಸಾಲೆ ತುಂಬಿತ್ತು. ಪರದೆಯ ಮೇಲೆ ಬೂದು ಬಣ್ಣದ ಕಾರುಗಳು; ಓಡಿಸುವವರೆಲ್ಲ ಹೆಲ್ಮೆಟ್ ಹಾಕಿದವರು. ಸಿರಾಜುದ್ದೀನ್ ಮುಂದಿದ್ದ ಕಾರಿಗೆ ಬೆರಳಿಟ್ಟ.

"ಒಂಬತ್ತನೇ ನಂಬರ್ ನಾನೇ! ನೋಡ್ರಿ, ಹ್ಯಾಂಗ ಕಟ್ ಮಾಡಾಕತ್ತೇನಿ!"

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಒಂಬತ್ತನೇ ನಂಬರು ತಿರುವಿನಲ್ಲಿ ಪಕ್ಕಕ್ಕೆ ಬಂದ ಇನ್ನೊಂದು ಕಾರಿಗೆ ಗುದ್ದಿತು. ಗುದ್ದಿಸಿಕೊಂಡದ್ದು ಗಿರಗಿರ ತಿರುಗಿ ಹುಲ್ಲಿನ ಪೆಂಡಿಗಳೊಳಗೆ ಹೋಗಿ ಬಿತ್ತು.

"ಅಂವ ಯಾರೋ?"

"ಯಾವನೋ ಹೊಸಬ. ಸ್ಟೇರಿಂಗ್ ಹಿಡೀಲಿಕ್ಕೂ ಬರೂದಿಲ್ಲ."

ಹುಲ್ಲಿನಿಂದ ಎದ್ದವನು ಹೆಲ್ಮೆಟ್ ತೆಗೆದ. ಕ್ಯಾಮೆರಾ ಹತ್ತಿರ ಬಂತು. ಪರದೆಯ ತುಂಬ ಸಿರಾಜುದ್ದೀನ್! ಎಳೆ ವಯಸ್ಸು, ತಲೆ ತುಂಬ ಹುಲ್ಲು, ಕಣ್ಣಲ್ಲಿ ನೀರು.

ಸೋನುಬಾಯಿ ಚಷ್ಮಾ ಸರಿಮಾಡಿಕೊಂಡಳು.

"ಅಳಾಕತ್ತಾಂವ ನೀನs. ಹಂಗಾರ ಮುಂದಿನ ಕಾರಿನ್ಯಾಗ ಯಾರಿದ್ದಾರ?"

ಸಿರಾಜುದ್ದೀನ್ ಸ್ಟೂಲು ಬಿಟ್ಟೆದ್ದ. "ಸುಳ್ಳ ಹೇಳೇನ್ರಿ, ಮಾಫ್ ಮಾಡ್ರಿ. ನಾಳಿಂದ ಕಾಮೆಂಟರಿಗೆ ಬ್ಯಾರೇದವರನ್ನ ನೋಡ್ಕೋರಿ." ನಾಚಿಕೆಯಾದರೂ, ಪೀಡೆ ಕಳೆಯಿತಲ್ಲ ಎಂದು ಒಳಗೊಳಗೇ ಹಗುರಾಗಿದ್ದ.

ಬಂಡೆಪ್ಪ ಭುಜ ಹಿಡಿದು ಮತ್ತೆ ಕೂರಿಸಿದ. "ಎಲ್ಲಿ ಹೊಂಟಿ? ಇಷ್ಟು ಮಜಾ ಎಂದಾದ್ರೂ ಬಂದಿತ್ತೇನು?"

"ಹೌದ್ನೋಡು," ಎಂದಳು ಸೋನುಬಾಯಿ. "ಇನ್ನ ಸಮಾಚಾರ ಬರ್ತದ. ಅದನ್ನೂ ಹಿಂಗs ಸುಳ್ಳ ಹೇಳು. ಖರೇ ಸುದ್ದಿ ಕೇಳಿ ಕೇಳಿ ಬ್ಯಾಸರಾಗೇದ."

ಆವಾಜಿನ ಪಾರ್ಟ್ ತರಿಸುವುದು ಬೇಡವೆಂದು ಬಂಡೆಪ್ಪ ಮರುದಿನವೇ ಶಂಶುದ್ದೀನನಿಗೆ ಹೇಳಿಕಳಿಸಿದ.