ಬಾಳೆಹಣ್ಣಿಗೆ ಅನುಮತಿ

ತಂತ್ರಾಂಶದ ಪ್ಯಾಕೇಜ್ ನೋಡಿಕೊಳ್ಳುವುದು ತಣ್ಣಗೆ ಕೂತು ಮಾಡುವ ಕೆಲಸ ಎಂದುಕೊಂಡಿದ್ದೆ. ಆದರೆ ಎದೆ ಧಸಕ್ಕೆನ್ನುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ.

ಮಕ್ಕಳಿಗೆ ಅಕ್ಷರ ತಿದ್ದಿಸುವ ಒಂದು ತಂತ್ರಾಂಶವನ್ನು ನಮ್ಮ ಯಜಮಾನರು ಬರೆದಿದ್ದರು. ಅದನ್ನು ಪ್ಯಾಕೇಜ್ ಮಾಡಿ ಒಂದು ಸ್ವತಂತ್ರ ತಂತ್ರಾಂಶ ವಿತರಣೆಗೆ ಸೇರಿಸಿದ್ದರು. ಅಲ್ಲಿಂದ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಅವರು ತೀರಿಕೊಂಡ ಮೇಲೆ ವಿತರಣೆಯವರು ತಿಳಿಸಿದರು: ನೋಡಿಕೊಳ್ಳುವವರಿಲ್ಲದಿದ್ದರೆ ಮುಂದಿನ ಬಿಡುಗಡೆಯಿಂದ ತೆಗೆಯುತ್ತೇವೆ. ನಂಜನಗೂಡಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಅವರ ಕಂಪ್ಯೂಟರಿನ ಮುಂದೆ ಕೂತೆ.

ಚೌಕ

ಮೊದಲ ತಿದ್ದುಪಡಿಯನ್ನು ಅದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಸೋಸಲೆಯ ಶಾಲೆಯೊಂದರಲ್ಲಿ ಹಾಕಿಸಿ, ಕೆಲವು ದಿನ ಬಿಟ್ಟು ಅಲ್ಲಿನ ಮೇಷ್ಟ್ರಿಗೆ ಫೋನು ಮಾಡಿದೆ.

"ಮಕ್ಕಳು ಹೇಗೆ ಬರೀತಿದ್ದಾರೆ ಸರ್?"

"ಬೊಂಬಾಟಾಗಿ ಮೇಡಂ. ಒಂದೊಂದು ಚೌಕಾನೂ ಅಚ್ಚಾಕ್ದಂಗೆ ಬತ್ತದೆ."

"ಯಾವ ಚೌಕ?"

"ಪರದೆ ಮ್ಯಾಲೆ ಬತ್ತವಲ್ಲ, ಅವೇ. ನೀವು ಗಣಿತದೋರಲ್ವಾ, ಆಕೃತಿಯಿಂದ ಶುರು ಮಾಡಿದೀರಿ ಅಂದ್ಕೊಂಡೋ."

ಆಗ ಹೊಳೆಯಿತು. ಕನ್ನಡ ತೋರಿಸಲು ಬೇಕಾದ ಅಕ್ಷರಶೈಲಿ, ಅಂದರೆ ಫಾಂಟು, ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಅದನ್ನೂ ಜೊತೆಗೆ ಹಾಕಬೇಕೆಂದು ಪ್ಯಾಕೇಜಿನಲ್ಲಿ ನಾನು ಬರೆದಿರಲಿಲ್ಲ. ಅದಿಲ್ಲದ ಕಡೆ ಅಕ್ಷರವೆಲ್ಲ ಖಾಲಿ ಚೌಕ. ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷಿಸದೆ ಏನನ್ನೂ ಕಳಿಸಬಾರದು ಎಂದು ಕಲಿತೆ. ಸರಿಪಡಿಸಿದ ಮೇಲೆ ಮೇಷ್ಟ್ರು ಬೇಸರಪಟ್ಟುಕೊಂಡರು. "ಚೌಕಾನೇ ಸಲೀಸಾಗಿತ್ತು ಮೇಡಂ."

ಷಡ್ಡಕ

ಬಿಡುಗಡೆ ಹತ್ತಿರವಾದಾಗ ವಿತರಣೆಯಲ್ಲಿ ಪರಿಶೀಲಿಸುವವರು ತಡೆದರು. 'ಬ' ಅಕ್ಷರದ ಪಕ್ಕದ ಬಾಳೆಹಣ್ಣಿನ ಚಿತ್ರಕ್ಕೆ ಬರೆದವರ ಲಿಖಿತ ಅನುಮತಿ ಇಲ್ಲ. ಅದಿಲ್ಲದೆ ಪ್ಯಾಕೇಜ್ ಉಳಿಯುವುದಿಲ್ಲ.

ಚಿತ್ರ ಬರೆದವರು ಯಜಮಾನರ ಸ್ನೇಹಿತರು, ಟಿ. ನರಸೀಪುರದ ಡ್ರಾಯಿಂಗ್ ಮೇಷ್ಟ್ರು. ಕೇಳಿದ ತಕ್ಷಣ ಬರೆದು ಕಳಿಸಿದರು: "ಈ ಚಿತ್ರವನ್ನು ಜಗತ್ತಿನ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಬನ್ನೂರಿನ ನನ್ನ ಷಡ್ಡಕನನ್ನು ಬಿಟ್ಟು."

ಮತ್ತೊಮ್ಮೆ ಓದಿದೆ. ಹಾಗೇ ಇತ್ತು. ನರಸೀಪುರದ ಬಸ್ಸು ಹತ್ತಿದೆ.

"ಒಬ್ಬರನ್ನು ಬಿಟ್ಟರೂ ಅದು ಸ್ವತಂತ್ರ ತಂತ್ರಾಂಶ ಆಗೋಲ್ಲ ಸರ್."

"ಮಿಕ್ಕ ಪ್ರಪಂಚಕ್ಕೆಲ್ಲ ಕೊಟ್ಟಿದೀನಲ್ಲ ಮೇಡಂ. ಅವನೊಬ್ಬನಿಗೆ ಯಾಕೆ?"

ಕಾಫಿ ತಂದ ಅವರ ಹೆಂಡತಿ ಹೇಳಿದರು: "ನಮ್ಮಕ್ಕನ ಮಗಳ ಮದುವೇಲಿ ಇವರು ಗೋಡೆ ಮೇಲೆ ಆನೆ ಬರೆದಿದ್ರು. ಬನ್ನೂರಿನ ಭಾವ ಅದನ್ನ ಹಂದಿ ಅಂದ್ಬಿಟ್ರು. ಅವತ್ತಿಂದ ಹಿಂಗೇ ಕಣ್ರೀ."

ಅನುಮತಿಯ ಕಾಗದವನ್ನು ಮೇಷ್ಟ್ರ ಮುಂದಿಟ್ಟೆ. ಕಾಫಿ ಆರಿತು. ಕೊನೆಗೆ ಮೇಷ್ಟ್ರೇ, "ನಿಮ್ಮ ಯಜಮಾನ್ರ ಕೆಲಸ ನನ್ನಿಂದ ನಿಲ್ಲೋದು ಬೇಡ" ಎಂದು ಷಡ್ಡಕನನ್ನು ಬಿಟ್ಟ ಮಾತನ್ನು ಹೊಡೆದುಹಾಕಿದರು.

ಪ್ಯಾಕೇಜ್ ಉಳಿಯಿತು. ಅದರಲ್ಲಿ ಯಜಮಾನರ ಹೆಸರಿನ ಕೆಳಗೆ ನನ್ನದಿದೆ. ಬಿಡುಗಡೆಯಾದ ಮೇಲೆ ಬಂದ ಮೊದಲ ದೂರು ಬನ್ನೂರಿನದು: "ಬಾಳೆಹಣ್ಣು ಸೊಟ್ಟಗಿದೆ. ಬರೆದವರಿಗೆ ತಿಳಿಸಿ."

ದೂರನ್ನು ಮೂಲದಲ್ಲಿ ಬರೆದವರಿಗೆ ಮುಟ್ಟಿಸಬೇಕೆಂಬುದು ಒಳ್ಳೆಯ ಪದ್ಧತಿ. ಹಾಗೇ ಮುಟ್ಟಿಸಿದೆ. ಆ ಸಂಜೆಯೇ ಹೊಸ ಚಿತ್ರ ಬಂತು. ಸ್ಕೇಲಿಟ್ಟು ಎಳೆದಂತೆ ನೆಟ್ಟಗಿರುವ ಬಾಳೆಹಣ್ಣು. ಕೆಳಗೊಂದು ಸಾಲು:

"ಜಗತ್ತಿಗೆಲ್ಲ ಹಳೆಯದೇ ಇರಲಿ. ಇದು ಅವನೊಬ್ಬನಿಗೆ."